ಗುರುತು ಹಿಡಿಯುವ ಫೋಟೊ: ಗೋಡೆ ಮೇಲೆ, ಎಲೆಯಡಿ, ಮಣ್ಣಲ್ಲಿ ಕಾಣುವ ಪುಟ್ಟ ವಸ್ತುಗಳನ್ನು ಹತ್ತಿರದಿಂದ ನೋಡುವ ಬಗೆ

ಬಾಗಿಲ ಚೌಕಟ್ಟಿನ ಕೆಳಗೆ ಎಷ್ಟು ಗುಡಿಸಿದರೂ ಮಾರನೇ ದಿನ ಮತ್ತೆ ಬಿದ್ದಿರುವ ಕಂದು ಹರಳು. ಬಚ್ಚಲಮನೆ ಗೋಡೆಗೆ ಅಂಟಿಕೊಂಡ ಬೂದು ಬಣ್ಣದ ಚಪ್ಪಟೆ ಚೀಲ. ಎಲೆಯ ಅಡಿಯಲ್ಲಿ ಕೂದಲೆಳೆಯ ತುದಿಗೆ ನಿಂತ ಬಿಳಿ ಚುಕ್ಕೆ. ಇಂಥದ್ದರ ಫೋಟೊ ತೆಗೆದು "ಇದೇನು ಗೊತ್ತಾ?" ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಉತ್ತರಗಳಿಗೇನೂ ಬರವಿಲ್ಲ. ಒಬ್ಬರು ಮೊಟ್ಟೆ ಅಂತಾರೆ, ಇನ್ನೊಬ್ಬರು ಬೂಷ್ಟು ಅಂತಾರೆ, ಮತ್ತೊಬ್ಬರು "ಮೊದಲು ಔಷಧಿ ಹೊಡೀರಿ" ಅಂತಾರೆ. ಅವರಾದರೂ ಏನು ಮಾಡಿಯಾರು? ಫೋಟೊದಲ್ಲಿ ಒಂದು ಮಸುಕು ಚುಕ್ಕೆ ಬಿಟ್ಟು ಬೇರೇನೂ ಇರುವುದಿಲ್ಲ.

ಚೆಂದದ ಫೋಟೊ ಬೇರೆ, ಗುರುತು ಹಿಡಿಯುವ ಫೋಟೊ ಬೇರೆ. ಎರಡನೆಯದಕ್ಕೆ ದುಬಾರಿ ಕ್ಯಾಮೆರಾ ಬೇಡವೇ ಬೇಡ. ವಸ್ತು ಎಷ್ಟು ದೊಡ್ಡದು, ಎಲ್ಲಿ ಕೂತಿತ್ತು, ಪಕ್ಕದಿಂದ ಮತ್ತು ಅಡಿಯಿಂದ ಹೇಗಿದೆ, ನಾಲ್ಕು ದಿನ ಬಿಟ್ಟು ಏನಾಯಿತು ಎಂಬುದು ತಿಳಿಯಬೇಕು, ಅಷ್ಟೆ. ಇಷ್ಟನ್ನು ಹೇಳುವ ಸಾಧಾರಣ ಫೋಟೊ, ಏನನ್ನೂ ಹೇಳದ ಮಿರಮಿರ ಮಿಂಚುವ ಫೋಟೊಗಿಂತ ಎಷ್ಟೋ ಮೇಲು.

ಕೈಯಲ್ಲಿ ಏನೇನಿರಬೇಕು

ಫೋನು. ಮಿಲಿಮೀಟರ್ ಗೆರೆ ಇರುವ ಸಣ್ಣ ಸ್ಕೇಲು ಅಥವಾ ಗ್ರಾಫ್ ಹಾಳೆಯ ತುಂಡು. ಒಂದು ಬಿಳಿ ಕಾಗದ, ಒಂದು ಕಪ್ಪು ರಟ್ಟು. ಪುಟ್ಟ ಟಾರ್ಚು. ಚಿಮುಟ. ಮುಚ್ಚಳ ಇರುವ ಪಾರದರ್ಶಕ ಡಬ್ಬಿ. ಸಾಧ್ಯವಾದರೆ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ. ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುತ್ತಾರಲ್ಲ, ಅದೇ. ಅದನ್ನು ಫೋನಿನ ಮುಖ್ಯ ಕ್ಯಾಮೆರಾದ ಗಾಜಿಗೆ ತಾಗಿಸಿ ಹಿಡಿದರೆ ಅದೇ ಮ್ಯಾಕ್ರೊ ಲೆನ್ಸ್, ಅಂದರೆ ತೀರ ಹತ್ತಿರದಿಂದ ತೆಗೆಯುವ ಲೆನ್ಸ್, ಆಗುತ್ತದೆ. ಕ್ಲಿಪ್ ಹಾಕಿ ಸಿಕ್ಕಿಸುವ ಲೆನ್ಸುಗಳೂ ಸಿಗುತ್ತವೆ.

ಇದಕ್ಕಿಂತ ಆಳಕ್ಕೆ ಇಳಿಯುವ ಆಸೆ ಇದ್ದರೆ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ಮತ್ತು ಅವರ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ಅದು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಫೋನನ್ನೂ ಜೋಡಿಸಬಹುದು. ಆದರೆ ಈ ಬರಹದಲ್ಲಿ ಹೇಳುವ ಹೆಚ್ಚಿನ ಕೆಲಸಕ್ಕೆ ಅಷ್ಟೆಲ್ಲ ಬೇಕಿಲ್ಲ.

ಫೋನಿನ "ಮ್ಯಾಕ್ರೊ" ಬಗ್ಗೆ ಒಂದು ಮಾತು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ 2 ಮೆಗಾಪಿಕ್ಸೆಲ್‌ನ ಪ್ರತ್ಯೇಕ ಮ್ಯಾಕ್ರೊ ಕ್ಯಾಮೆರಾ ಇರುತ್ತದೆ. ಅದರ ಫೋಕಸ್ ಸಾಮಾನ್ಯವಾಗಿ ಸುಮಾರು 4 ಸೆಂಟಿಮೀಟರಿಗೆ ಬಿಗಿಯಾಗಿರುತ್ತದೆ, ವಿವರ ಕಡಿಮೆ. ಅಂಥ ಫೋನಿದ್ದರೆ ಮ್ಯಾಕ್ರೊ ಬಿಟ್ಟು ಮುಖ್ಯ ಕ್ಯಾಮೆರಾದಲ್ಲಿ 2x ಇಟ್ಟು, ಗೇಣಿಗಿಂತ ಸ್ವಲ್ಪ ಹತ್ತಿರದಿಂದ ತೆಗೆದು, ಆಮೇಲೆ ಬೇಕಾದಷ್ಟು ಕತ್ತರಿಸಿಕೊಳ್ಳಿ. ಎರಡನ್ನೂ ಒಮ್ಮೆ ಪಕ್ಕಪಕ್ಕ ಹೋಲಿಸಿ ನೋಡಿ, ನಿಮ್ಮ ಫೋನಿಗೆ ಯಾವುದು ಸರಿ ಎಂದು ತಕ್ಷಣ ಗೊತ್ತಾಗುತ್ತದೆ. ಇನ್ನು ಕೆಲವು ಫೋನುಗಳು ಹತ್ತಿರ ಹೋದೊಡನೆ ತಾವಾಗಿಯೇ ಬೇರೆ ಲೆನ್ಸಿಗೆ ಜಿಗಿಯುತ್ತವೆ. ಕ್ಲಿಪ್ ಲೆನ್ಸ್ ಹಾಕಿದ್ದಾಗ ಈ ಜಿಗಿತವನ್ನು ಆಫ್ ಮಾಡಿಡಬೇಕು.

1. ಮುಟ್ಟುವ ಮೊದಲು ದೂರದಿಂದ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಮೊದಲ ಫೋಟೊ ಇಡೀ ಗಿಡದ್ದು, ಅಥವಾ ಇಡೀ ಗೋಡೆ ಮೂಲೆಯದ್ದು. ಎರಡನೆಯದು ಆ ಕೊಂಬೆ ಅಥವಾ ಎಲೆಯದ್ದು, ಎಲೆಯ ಎರಡೂ ಬದಿ. ಮೂರನೆಯದು ವಸ್ತುವಿನದ್ದು. ಗಿಡ ಯಾವುದು ಎಂದು ಗೊತ್ತಾದರೆ ಅರ್ಧ ಹೆಸರು ಸಿಕ್ಕಂತೆಯೇ. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಏನಾದರೂ ಕೂತಿದ್ದರೆ, ಅದು ಬಹುತೇಕ ಕಾಮನ್ ಮಾರ್ಮನ್ ಅಥವಾ ಲೈಮ್ ಚಿಟ್ಟೆಯ ಮರಿಹುಳ. ನಿಂಬೆ ಜಾತಿಯ ಗಿಡಗಳೇ ಅವುಗಳ ಊಟ. ಅದೇ ಮರಿಹುಳವನ್ನು ಕಿತ್ತು ಬಿಳಿ ಕಾಗದದ ಮೇಲಿಟ್ಟು ತೆಗೆದರೆ ಈ ಸುಳಿವು ಕಳೆದುಹೋಯಿತು, ಅಲ್ವಾ?

ಎಲೆ ಮೇಲೆಯೋ ಕೆಳಗೆಯೋ, ಒಂಟಿಯೋ ಗುಂಪೋ, ಸಾಲಾಗಿದೆಯೋ ಚೆಲ್ಲಾಪಿಲ್ಲಿಯೋ ಎಂಬುದೂ ಫೋಟೊದಲ್ಲಿ ಬರಲಿ. ಪಕ್ಕದಲ್ಲಿ ಇರುವೆ ಓಡಾಡುತ್ತಿದ್ದರೆ ಅದನ್ನೂ ಸೇರಿಸಿ. ಇರುವೆ ಇದ್ದಲ್ಲಿ ಸಿಹಿರಸ ಸುರಿಸುವ ಸಸ್ಯಹೇನೋ ಹಿಟ್ಟು ತಿಗಣೆಯೋ ಇರುವ ಸಾಧ್ಯತೆ ಜಾಸ್ತಿ.

2. ಅಳತೆ

ನಾಣ್ಯ ಇಟ್ಟು ಫೋಟೊ ತೆಗೆಯುವುದು ರೂಢಿ. ಆದರೆ ಒಂದು ರೂಪಾಯಿ ನಾಣ್ಯವೇ ಹಲವು ಅಳತೆಯಲ್ಲಿದೆ. 2011ರ ಸರಣಿಯದ್ದು 22 ಮಿಲಿಮೀಟರ್, 2019ರದ್ದು 20. ದೊಡ್ಡ ಕಾಯಿಗಾದರೆ ನಡೆದೀತು. 1 ಮಿಲಿಮೀಟರ್ ಮೊಟ್ಟೆಯ ಪಕ್ಕ ನಾಣ್ಯ ಇಟ್ಟು ಏನೂ ತಿಳಿಯುವುದಿಲ್ಲ. ಸ್ಕೇಲು ಅಥವಾ ಗ್ರಾಫ್ ಹಾಳೆಯನ್ನೇ ಬಳಸಿ.

ಸ್ಕೇಲು ಮತ್ತು ವಸ್ತು ಒಂದೇ ಮಟ್ಟದಲ್ಲಿರಲಿ. ಸ್ಕೇಲು ಒಂದು ಸೆಂಟಿಮೀಟರ್ ಹಿಂದೆ ಇದ್ದರೂ ವಸ್ತು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದರ ಮೇಲೆ ಹಾಕಿದ ಲೆಕ್ಕವೆಲ್ಲ ತಪ್ಪು. ಗೋಡೆಯ ಮೇಲಿನದಾದರೆ ಸ್ಕೇಲನ್ನು ಗೋಡೆಗೇ ಒತ್ತಿ ಹಿಡಿಯಿರಿ. ಸ್ಕೇಲು ಇರುವ ಫೋಟೊ ಒಂದು, ಇಲ್ಲದ್ದು ಒಂದು ತೆಗೆದಿಡಿ.

3. ಬೆಳಕು

ಫೋನಿನ ಫ್ಲ್ಯಾಶ್ ಆಫ್. ಮೊಟ್ಟೆ, ಬೀಜ, ಗೂಡುಗಳ ಮೈ ಹೆಚ್ಚಾಗಿ ಹೊಳೆಯುತ್ತದೆ. ಫ್ಲ್ಯಾಶ್ ಬಿದ್ದರೆ ಬಿಳಿ ಕಲೆ ಮೂಡಿ ಮೈಮೇಲಿನ ಗೆರೆ, ಗುಳಿ, ಮುಳ್ಳು ಯಾವುದೂ ಕಾಣುವುದಿಲ್ಲ. ಬೆಳಗಿನ ನೆರಳೇ ಒಳ್ಳೆಯದು. ಬಿಸಿಲಿದ್ದರೆ ನಡುವೆ ಬಿಳಿ ಕಾಗದ ಅಡ್ಡ ಹಿಡಿಯಿರಿ. ಮನೆಯೊಳಗೆ ಟಾರ್ಚಿನ ಮುಖಕ್ಕೆ ಟಿಶ್ಯೂ ಕಾಗದ ಕಟ್ಟಿದರೆ ಬೆಳಕು ಮೆತ್ತಗಾಗುತ್ತದೆ.

ಬೆಳಕನ್ನು ಮೂರು ಕಡೆಯಿಂದ ಬಿಟ್ಟು ನೋಡಿ. ಎದುರಿಂದ ಬಿಟ್ಟರೆ ಬಣ್ಣ ಸರಿಯಾಗಿ ಬರುತ್ತದೆ. ಪಕ್ಕದಿಂದ, ನೆಲಮಟ್ಟದಲ್ಲಿ ಬಿಟ್ಟರೆ ಉಬ್ಬು ತಗ್ಗುಗಳಿಗೆ ನೆರಳು ಬಿದ್ದು ಎದ್ದು ಕಾಣುತ್ತವೆ. ಹಿಂದಿನಿಂದ, ಅಂದರೆ ಎಲೆಯ ಇನ್ನೊಂದು ಬದಿಯಿಂದ ಬಿಟ್ಟರೆ ಒಳಗಿರುವುದು ತೋರುತ್ತದೆ. ಎಲೆ ಮೇಲೆ ಏಳುವ ಗಂಟಿನೊಳಗಿನ ಪೊಳ್ಳು, ಮೊಟ್ಟೆಯೊಳಗಿನ ಮರಿಯ ಕಪ್ಪು ತಲೆ, ಖಾಲಿಯಾದ ಗೂಡು, ಎಲ್ಲವೂ. ಗುರುತಿಸುವ ಕೆಲಸದಲ್ಲಿ ನನಗೆ ಹಿಂದಿನ ಬೆಳಕಿನಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

4. ಫೋಕಸ್

ಇಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಬರುವುದು ಒಂದೆರಡು ಮಿಲಿಮೀಟರಿನಷ್ಟು ದಪ್ಪದ ಪದರ ಮಾತ್ರ. ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸನ್ನು ಲಾಕ್ ಮಾಡಿ. ಆಮೇಲೆ ಪರದೆ ಮುಟ್ಟಬೇಡಿ. ಮೊಣಕೈ ಊರಿ, ಉಸಿರು ಬಿಗಿಹಿಡಿದು, ಫೋನನ್ನೇ ಕೂದಲೆಳೆಯಷ್ಟು ಮುಂದಕ್ಕೆ ಹಿಂದಕ್ಕೆ ಸರಿಸುತ್ತ ಹತ್ತು ಹದಿನೈದು ಫೋಟೊ ಹೊಡೆಯಿರಿ. ಒಂದರಲ್ಲಿ ಮೇಲ್ಭಾಗ, ಇನ್ನೊಂದರಲ್ಲಿ ಬುಡ ಸ್ಪಷ್ಟವಾಗಿ ಬರುತ್ತದೆ. ಗಾಳಿಗೆ ಕೊಂಬೆ ಅಲುಗುತ್ತಿದ್ದರೆ ಬಟ್ಟೆ ಕ್ಲಿಪ್ಪಿನಿಂದ ಒಂದು ಕೋಲಿಗೆ ಸಿಕ್ಕಿಸಿ. ಹಿಟ್ಟು ತಿಗಣೆಯಂಥ ಬಿಳಿ ವಸ್ತುವಿಗೆ ಬ್ರೈಟ್‌ನೆಸ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ವಿವರವೆಲ್ಲ ಬಿಳಿಯಲ್ಲಿ ಮುಳುಗುತ್ತದೆ.

5. ಪಕ್ಕ, ಅಡಿ, ತುದಿ, ಒಳಗೆ

ಮೇಲಿನಿಂದ ಒಂದೇ ಕಡೆ ತೆಗೆದ ಫೋಟೊ ಸಾಲದು ಎನ್ನುವುದಕ್ಕೆ ಗೋಡೆಯ ಆ ಬೂದು ಚೀಲವೇ ಸಾಕ್ಷಿ. ದೂರಕ್ಕೆ ಅದು ಸಿಮೆಂಟಿನ ಚೂರು, ಇಲ್ಲವೇ ಒಣಗಿದ ಬೀಜ. ಸುಮಾರು 1 ಸೆಂಟಿಮೀಟರ್ ಉದ್ದ, ನಡುವೆ ಅಗಲ, ಎರಡು ಕಡೆ ಚೂಪು. ಮ್ಯಾಕ್ರೊದಲ್ಲಿ ನೋಡಿದರೆ ಮೈತುಂಬ ಮರಳಿನ ಕಣ, ಸುಣ್ಣದ ಪುಡಿ, ಕೂದಲಿನ ಚೂರು, ಎಲ್ಲವನ್ನೂ ಹಿಡಿದು ಕಟ್ಟಿದ ರೇಷ್ಮೆ ಎಳೆ. ತುದಿಯನ್ನು ನೋಡಿ. ಎರಡು ಕಡೆಯೂ ಬಾಯಿ ತೆರೆದಿರುತ್ತದೆ. ಮುಟ್ಟದೆ ಸ್ವಲ್ಪ ಹೊತ್ತು ಕಾದರೆ ಒಂದು ಬಾಯಿಂದ ಕಂದು ತಲೆ, ಮೂರು ಜೊತೆ ಕಾಲು ಹೊರಬಂದು ಇಡೀ ಚೀಲವನ್ನು ಎಳೆದುಕೊಂಡು ಹೋಗುತ್ತದೆ. ತಿರುಗಬೇಕು ಅನ್ನಿಸಿದರೆ ಒಳಗೇ ಹೊರಳಿ ಇನ್ನೊಂದು ಬಾಯಿಂದ ತಲೆ ಹಾಕುತ್ತದೆ. ಇದು ಟೀನಿಡೆ ಕುಟುಂಬದ ಪತಂಗವೊಂದರ ಮರಿಹುಳ. ಬಟ್ಟೆ ಕೊರೆಯುವ ಪತಂಗಗಳೂ ಇದೇ ಕುಟುಂಬದವು. ಇದರ ಮುಖ್ಯ ಊಟ ಹಳೆಯ ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳಗಳು. ಬಲೆ ಹೊಡೆದು ಮೂಲೆ ಗುಡಿಸಿದರೆ ಸಾಕು, ಔಷಧಿ ಏನೂ ಬೇಡ.

ಒಳಗೆ ನೋಡಲು ಕತ್ತರಿಸಬೇಕಾದರೆ ಎರಡು ನಿಯಮ ಇಟ್ಟುಕೊಳ್ಳಿ. ಅಂಥದ್ದು ಅಲ್ಲಿ ಬಹಳ ಇರಬೇಕು, ಗಿಡ ನಿಮ್ಮದಿರಬೇಕು. ಎಲೆಯ ಮೇಲಿನ ಗಂಟುಗಳಿಗೆ ಇದು ಬೇಕೇ ಬೇಕು. ಬೆಂಗಳೂರಿನ ರಸ್ತೆ ಬದಿಯ ಹೊಂಗೆ ಮರಗಳ ಎಲೆಯಲ್ಲಿ ಏಳುವ ಗಂಟುಗಳನ್ನು ನೀವು ಕಂಡಿರುತ್ತೀರಿ. ಅವು ಕಾಯಲ್ಲ, ಮೊಟ್ಟೆಯಲ್ಲ. ಅಸೇರಿಯಾ ಪೊಂಗಾಮಿಯೆ ಎಂಬ ನುಸಿ ಕೆರಳಿಸಿದ್ದಕ್ಕೆ ಎಲೆಯೇ ಕಟ್ಟಿಕೊಟ್ಟ ಮನೆ. ಉದ್ದಕ್ಕೆ ಸೀಳಿದರೆ ಪೊಳ್ಳು ಕಾಣುತ್ತದೆ. ನುಸಿ ಮಾತ್ರ ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಸಣ್ಣದು, ಫೋನಿಗೆ ಸಿಗುವುದಿಲ್ಲ. ಸಿಗದಿದ್ದರೂ ಪರವಾಗಿಲ್ಲ. ಮರ ಯಾವುದು, ಗಂಟಿನ ಆಕಾರ ಯಾವುದು ಎಂಬುದೇ ಇಲ್ಲಿ ಗುರುತು. ಬೇರೆ ಮರದ ಗಂಟನ್ನು ಸೀಳಿದಾಗ ಮುಚ್ಚಿದ ಕೋಣೆಯಲ್ಲಿ ಒಂದು ಮರಿಹುಳ ಸಿಕ್ಕರೆ, ಕಟ್ಟಿಸಿದ್ದು ನೊಣದ ಜಾತಿಯೋ ಕಣಜದ ಜಾತಿಯೋ ಇರಬಹುದು.

6. ಆಕಾರ ಓದುವುದು

ಈಗ ಫೋಟೊವನ್ನು ದೊಡ್ಡದು ಮಾಡಿ ಪ್ರಶ್ನೆ ಕೇಳುತ್ತ ಹೋಗಿ. ಒಂದು ಕಡೆ ತೊಟ್ಟು ಕಳಚಿದ ಗಾಯದ ಗುರುತು ಇದೆಯೇ? ಬೀಜ. ಅಡ್ಡಕ್ಕೆ ಉಂಗುರದಂತೆ ಗೆರೆಗಳಿವೆಯೇ, ರೆಕ್ಕೆ ಮಡಚಿಟ್ಟ ಅಚ್ಚು ಕಾಣುತ್ತದೆಯೇ? ಕೋಶ, ಅಂದರೆ ಮರಿಹುಳಕ್ಕೆ ರೆಕ್ಕೆ ಬರುವ ಮುಂಚಿನ ಹಂತ. ಬುಡದಲ್ಲಿ ಅಂಟು, ತುದಿಯಲ್ಲಿ ಮುಚ್ಚಳ ಇದೆಯೇ? ಮೊಟ್ಟೆ. ಉದ್ದಕ್ಕೂ ಆಳವಾದ ಗೀರುಗಳಿರುವ ಗಟ್ಟಿ ಕಾಳು, ಅದೂ ತಿಂದ ಎಲೆಯ ಕೆಳಗೆ ಬಿದ್ದಿದ್ದರೆ? ಮರಿಹುಳದ ಹಿಕ್ಕೆ, ತಲೆಯೆತ್ತಿ ಮೇಲೆ ಹುಡುಕಿ.

ಬಾಗಿಲ ಕೆಳಗಿನ ಹರಳಿಗೆ ಬರೋಣ. ಚಿಟಿಕೆಯಷ್ಟು ಕಪ್ಪು ರಟ್ಟಿನ ಮೇಲೆ ಹರಡಿ, ಪಕ್ಕದಿಂದ ಬೆಳಕು ಬಿಟ್ಟು ತೆಗೆಯಿರಿ. ಒಂದೊಂದೂ 1 ಮಿಲಿಮೀಟರಿಗಿಂತ ಸಣ್ಣದು, ಎಲ್ಲವೂ ಒಂದೇ ಅಳತೆ, ಆರು ಮುಖ, ದುಂಡಗಿನ ತುದಿ ಇದ್ದರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಈ ಗೆದ್ದಲು ಮಣ್ಣಿನ ಸುರಂಗ ಕಟ್ಟುವುದಿಲ್ಲ. ಮರದೊಳಗೇ ಇದ್ದುಕೊಂಡು ಸಣ್ಣ ತೂತಿನಿಂದ ಕಸ ಹೊರಹಾಕುತ್ತದೆ. ಅದರ ಬದಲು ಮೈದಾದಷ್ಟು ನಯವಾದ ಪುಡಿ ಇದ್ದು, ಮರದಲ್ಲಿ ದುಂಡಗಿನ ಸಣ್ಣ ತೂತು ಕಂಡರೆ ಮರ ಕೊರೆಯುವ ದುಂಬಿ, ನಾವು ಕುಟ್ಟೆ ಹಿಡಿದಿದೆ ಅನ್ನುತ್ತೇವಲ್ಲ, ಅದು. ಎರಡಕ್ಕೂ ಮಾಡಬೇಕಾದ ಉಪಾಯ ಬೇರೆ. ಹಾಗಾಗಿ ಬಡಗಿಯನ್ನೋ ಗೆದ್ದಲು ಔಷಧಿಯವರನ್ನೋ ಕರೆಸುವ ಮೊದಲು ಈ ಒಂದು ಫೋಟೊ ತೆಗೆಯುವುದು ಖಂಡಿತ ಲಾಭ.

ಎಲೆಯ ಅಡಿಯಲ್ಲಿ ಕೂದಲಿನ ತುದಿಗೆ ನಿಂತ ಬಿಳಿ ಚುಕ್ಕೆಗಳು ಲೇಸ್‌ವಿಂಗ್ ಎಂಬ ಹಸಿರು, ಬಲೆ ರೆಕ್ಕೆಯ ಕೀಟದ ಮೊಟ್ಟೆಗಳು. ಬೂಷ್ಟು ಎಂದು ಒರೆಸಿ ಹಾಕುವವರೇ ಜಾಸ್ತಿ. ಇದರ ಮರಿ ಸಸ್ಯಹೇನುಗಳನ್ನು ಹಿಡಿದು ಹೀರುತ್ತದೆ, ಬಿಡಿ ಪಾಪ.

ಎಲೆ ಮೇಲೆ ಒತ್ತೊತ್ತಾಗಿ ಜೋಡಿಸಿಟ್ಟ ಪೀಪಾಯಿ ಆಕಾರದ ಮೊಟ್ಟೆಗಳು, ಪ್ರತಿಯೊಂದಕ್ಕೂ ದುಂಡು ಮುಚ್ಚಳ ಇದ್ದರೆ, ಅವು ಮುಟ್ಟಿದೊಡನೆ ನಾರುವ ತಿಗಣೆ ಜಾತಿಯವು. ಇಲ್ಲಿ ತೂತನ್ನು ಗಮನಿಸಿ. ಮುಚ್ಚಳ ಅಚ್ಚುಕಟ್ಟಾಗಿ ತೆರೆದಿದ್ದರೆ ತಿಗಣೆ ಮರಿ ಹೊರಬಂದಿದೆ. ಮೊಟ್ಟೆ ಕಪ್ಪಾಗಿ, ಅಂಕುಡೊಂಕು ಅಂಚಿನ ತೂತು ಬಿದ್ದಿದ್ದರೆ ಒಳಗೆ ಬೆಳೆದದ್ದು ತಿಗಣೆಯಲ್ಲ, ಅದರ ಮೊಟ್ಟೆಯೊಳಗೆ ಮೊಟ್ಟೆಯಿಟ್ಟ ಪುಟಾಣಿ ಕಣಜ. ಒಂದು ತೂತಿನ ಅಂಚು ಇಡೀ ಕತೆ ಹೇಳಿಬಿಡುತ್ತದೆ. ನನಗೆ ಈ ಕೆಲಸದ ಹುಚ್ಚು ಹಿಡಿಸಿದ್ದೇ ಇಂಥ ವಿವರಗಳು.

ಮರಿಹುಳದ ಮೈಮೇಲೆ ಅಥವಾ ಪಕ್ಕದಲ್ಲಿ 3-4 ಮಿಲಿಮೀಟರಿನ ಬಿಳಿ ಕಾಳುಗಳ ಗೊಂಚಲು ಕಂಡರೆ ಮರಿಹುಳ ಮೊಟ್ಟೆ ಇಟ್ಟಿದೆ ಅನ್ನುತ್ತಾರೆ. ಮರಿಹುಳ ಮೊಟ್ಟೆ ಇಡುವುದಿಲ್ಲ. ಹತ್ತಿರ ಹೋದರೆ ಕಾಳಿನ ಮೈಯಲ್ಲಿ ನೂಲಿನ ಎಳೆ ಕಾಣುತ್ತದೆ. ಅವು ಮರಿಹುಳವನ್ನು ಒಳಗಿನಿಂದ ತಿಂದು ಹೊರಬಂದ ಪರತಂತ್ರ ಕಣಜಗಳ ಗೂಡು.

ದಾಸವಾಳದ ಮೇಲೆ ಹಿಟ್ಟು ತಿಗಣೆಗಳ ನಡುವೆ ಒಂದು ಮಾತ್ರ ದೊಡ್ಡದಾಗಿ, ಉದ್ದುದ್ದ ಬಿಳಿ ಮೇಣದ ಎಳೆ ಬಿಟ್ಟುಕೊಂಡು ಚುರುಕಾಗಿ ಓಡುತ್ತಿದೆಯೇ? ಫೋಟೊ ಬೇಡ, ವಿಡಿಯೊ ಮಾಡಿ. ಅದು ಹಿಟ್ಟು ತಿಗಣೆಯನ್ನೇ ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು. ಸ್ಥಿರ ಚಿತ್ರದಲ್ಲಿ ಶತ್ರು ಯಾವುದು, ಮಿತ್ರ ಯಾವುದು ಎಂದು ಬೇರ್ಪಡಿಸುವುದು ಕಷ್ಟ, ನಡಿಗೆಯಲ್ಲಿ ತಕ್ಷಣ ತಿಳಿಯುತ್ತದೆ.

ತೆಂಗಿನ ನಾರು ಹಾಕಿದ ಕುಂಡದಲ್ಲಿ ಮಳೆಗಾಲದಲ್ಲಿ ಅರ್ಧ, ಒಂದು ಸೆಂಟಿಮೀಟರಿನ ಬಟ್ಟಲು, ಅದರೊಳಗೆ ಚಪ್ಪಟೆ ಬಿಲ್ಲೆಗಳು ಕಂಡರೆ ಅದು ಹಕ್ಕಿಗೂಡು ಅಣಬೆ. ಮಳೆ ಹನಿ ಬಟ್ಟಲಿಗೆ ಬಿದ್ದ ರಭಸಕ್ಕೆ ಬಿಲ್ಲೆಗಳು ಹಾರಿ ಬೇರೆಡೆ ಅಂಟಿಕೊಳ್ಳುತ್ತವೆ. ಗಿಡಕ್ಕೆ ಏನೂ ಮಾಡುವುದಿಲ್ಲ.

ಪ್ರಕೃತಿಯದ್ದೇ ಅಲ್ಲದ ವಸ್ತುಗಳೂ ಬಹಳ. ನರ್ಸರಿಯಿಂದ ತಂದ ಕುಂಡದಲ್ಲಿ ಸಿಗುವ 2-4 ಮಿಲಿಮೀಟರಿನ ಹಳದಿ ಗುಂಡುಗಳನ್ನು ಬಸವನಹುಳುವಿನ ಮೊಟ್ಟೆ ಎಂದು ಹೆದರುವವರಿದ್ದಾರೆ. ಹೆಚ್ಚಿನ ಸಲ ಅದು ನಿಧಾನಕ್ಕೆ ಕರಗುವ ಗೊಬ್ಬರ. ಒತ್ತಿದರೆ ಸಿಪ್ಪೆ ಒಡೆದು ನೀರು ಅಥವಾ ಹರಳು ಬರುತ್ತದೆ. ಬಿಳಿ, ಹಗುರ, ಗುಳ್ಳೆ ಗುಳ್ಳೆಯ ಚೂರು ಮಣ್ಣು ಸಡಿಲವಾಗಲೆಂದು ಬೆರೆಸುವ ಪರ್ಲೈಟ್. ಆಫ್ರಿಕನ್ ದೈತ್ಯ ಬಸವನಹುಳುವಿನ ನಿಜವಾದ ಮೊಟ್ಟೆ ಸುಮಾರು 4-5 ಮಿಲಿಮೀಟರ್, ಕೆನೆ ಬಣ್ಣ, ಮಣ್ಣೊಳಗೆ ಒಂದೇ ಕಡೆ ರಾಶಿಯಾಗಿ ಇರುತ್ತದೆ. ಅದನ್ನು ಬರಿಗೈಲಿ ಮುಟ್ಟಬೇಡಿ.

7. ಕಾಯುವುದು

ಗುರುತು ಸಿಗದಿದ್ದರೆ ಕಿತ್ತೆಸೆಯಬೇಡಿ. ದಿನಾ ಅದೇ ಹೊತ್ತಿಗೆ, ಅದೇ ಕೋನದಿಂದ ಒಂದು ಫೋಟೊ. ಕಾಮನ್ ಮಾರ್ಮನ್ ಚಿಟ್ಟೆಯ ಹಳದಿ ಗುಂಡು ಮೊಟ್ಟೆ ಒಡೆಯುವ ಮೊದಲು ಬಣ್ಣ ಬದಲಿಸುತ್ತದೆ, ಮೂರ್ನಾಲ್ಕು ದಿನದಲ್ಲಿ ಮರಿ ಹೊರಬರುತ್ತದೆ. ಬದಲಾಗುವುದು ಜೀವ, ಹದಿನೈದು ದಿನವಾದರೂ ಹಾಗೇ ಇರುವುದು ಬಹುಶಃ ಬೀಜ, ಖಾಲಿ ಗೂಡು ಅಥವಾ ಅಂಟು. ಡಬ್ಬಿಯಲ್ಲಿ ಇಡುವುದಾದರೆ ಅದೇ ಗಿಡದ ತಾಜಾ ಎಲೆ ಹಾಕಿ, ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿ. ಕಾಡಿನಿಂದ, ಅದರಲ್ಲೂ ಅಭಯಾರಣ್ಯಗಳಿಂದ ಏನನ್ನೂ ತರಬಾರದು. ಅಲ್ಲಿ ಫೋಟೊ ಮಾತ್ರ.

ಮೈಮೇಲೆ ಎಚ್ಚರ

ಕಂಬಳಿಹುಳದ ಗೂಡಿನಲ್ಲೂ ಕೂದಲು ಇರುತ್ತದೆ, ತುರಿಕೆ ಖಚಿತ. ಚಿಮುಟ ಬಳಸಿ. ಮಲೆನಾಡಿನಲ್ಲಿ ಇನ್ನೊಂದು ಅಪಾಯ ಇದೆ. ಮ್ಯಾಕ್ರೊ ತೆಗೆಯುವವರು ತರಗೆಲೆ ಮೇಲೆ ಮಲಗಿಬಿಡುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ರಕ್ತ ಹೀರುವ ಉಣ್ಣೆ ಹುಳಗಳಿಂದ, ಅದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳಲ್ಲಿ. ಆ ದಿನಗಳಲ್ಲಿ ಕಾಯಿಲೆ ಇರುವ ಕಡೆ ತರಗೆಲೆ ಮೇಲೆ ಕೂರುವುದೇ ಬೇಡ. ಹೋಗಲೇಬೇಕಾದರೆ ಉಣ್ಣೆ ಹುಳ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿ, ಮೈಮುಚ್ಚುವ ಬಟ್ಟೆ ಹಾಕಿ, ಮನೆಗೆ ಬಂದೊಡನೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ.

8. ಕೇಳುವುದು

ಫೋಟೊ ನೋಡಿ ಹೆಸರು ಹುಡುಕುವ ಗೂಗಲ್ ಲೆನ್ಸ್ ಆ್ಯಪ್ ಒಂದು ಊಹೆ ಕೊಡುತ್ತದೆ, ಅಷ್ಟೆ. ಅದಕ್ಕೆ ವಸ್ತುವನ್ನು ಮಾತ್ರ ಕತ್ತರಿಸಿ ಕೊಡಿ. ಅದು ಹೇಳಿದ ಹೆಸರನ್ನು ಹುಡುಕಿ, ಅಳತೆ ಮತ್ತು ಗಿಡ ಎರಡೂ ಹೊಂದುತ್ತವೆಯೇ ನೋಡಿ. ಒಂದು ತಾಳೆಯಾಗದಿದ್ದರೂ ಆ ಹೆಸರು ಬಿಡಿ.

ಮನುಷ್ಯರನ್ನು ಕೇಳಲು ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಗಳಿವೆ. ಎರಡೂ 2008ರಿಂದ ನಡೆಯುತ್ತಿವೆ, ಎರಡರಲ್ಲೂ ಬಲ್ಲವರು ಪುಕ್ಕಟೆಯಾಗಿ ನೋಡಿ ಹೇಳುತ್ತಾರೆ. ಚಿಟ್ಟೆಯ ಮೊಟ್ಟೆ, ಮರಿಹುಳ, ಕೋಶಗಳಿಗೆ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣದಲ್ಲಿ ಯಾವ ಚಿಟ್ಟೆಗೆ ಯಾವ ಗಿಡ ಎಂಬುದೂ ಇದೆ. ಬೆಳೆಯ ಪ್ರಶ್ನೆಯಾದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೊ ಒಯ್ಯಿರಿ, ಎಲೆಯನ್ನೂ ಒಯ್ಯಿರಿ.

ಒಂದೇ ವಸ್ತುವಿನ ಎಲ್ಲ ಫೋಟೊಗಳನ್ನು ಒಂದೇ ಕಡೆ ಹಾಕಿ. ಜೊತೆಗೆ ನಾಲ್ಕು ಸಾಲು ಸಾಕು: "12 ಜುಲೈ, ಶಿರಸಿ, ಮನೆ ಹಿತ್ತಲು. ಕರಿಬೇವಿನ ಎಲೆಯ ಮೇಲ್ಭಾಗ. 1 ಮಿಮೀ, ಹಳದಿ, ನುಣುಪು, ಒಂಟಿ. ಮೂರನೇ ದಿನ ಕಪ್ಪಾಯಿತು." ಮನೆಯ ಜಾಗ ಎಲ್ಲರಿಗೂ ತಿಳಿಯುವುದು ಬೇಡವೆಂದರೆ ಐನ್ಯಾಚುರಲಿಸ್ಟ್‌ನಲ್ಲಿ ಸ್ಥಳವನ್ನು ಮಸುಕು ಮಾಡುವ ಆಯ್ಕೆ ಇದೆ. ಅಪರೂಪದ ಸೀತಾಳೆಯಂಥ (ಆರ್ಕಿಡ್) ಗಿಡಗಳ ಜಾಗವನ್ನಂತೂ ಮಸುಕು ಮಾಡಲೇಬೇಕು, ಕಿತ್ತು ಮಾರುವವರಿದ್ದಾರೆ.

ಉತ್ತರ ಬಂದಾಗ ಅದು ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೇ ಬರೆದಿಟ್ಟುಕೊಳ್ಳಿ. ತಿಗಣೆ ಮೊಟ್ಟೆಗೆ "ಪೆಂಟಟೊಮಿಡೆ ಕುಟುಂಬ", ಅಂದರೆ ನಾರುವ ತಿಗಣೆಗಳ ಕುಟುಂಬ, ಎಂದಷ್ಟೇ ಹೇಳಿದರೆ ಅದು ಅರ್ಧ ಉತ್ತರವಲ್ಲ. ಫೋಟೊದಿಂದ ಹೇಳಲು ಸಾಧ್ಯವಿದ್ದದ್ದೇ ಅಷ್ಟು. ಮುಂದಿನ ಹೆಸರು ಬೇಕಿದ್ದರೆ ಮರಿ ಬೆಳೆದು ರೆಕ್ಕೆ ಬಂದ ಮೇಲೆ ಬೆನ್ನು, ಹೊಟ್ಟೆ, ಮೀಸೆ ಕಾಣುವ ಹಾಗೆ ಇನ್ನೊಂದು ಕಂತು ಫೋಟೊ ತೆಗೆದು ಅದೇ ದಾಖಲೆಯ ಕೊಂಡಿ ಕೊಟ್ಟು ಹೊಸದಾಗಿ ಹಾಕಿ.